ಮನೆವಾರ್ತೆ: ಹುಂಜವೋ, ಹೇಂಟೆಯೋ?

ಇಪ್ಪತ್ತೊಂದು ದಿನಗಳ ಕಾವನ್ನು ಮುಗಿಸಿ ತಾಯಿಕೋಳಿಯು ಮರಿಗಳನ್ನು ಕರೆದುಕೊಂಡು ಹಿತ್ತಿಲಿಗೆ ಇಳಿದೊಡನೆ ಮನೆಯಲ್ಲಿ ಏಳುವ ಮೊದಲನೆಯ ಪ್ರಶ್ನೆಯು, ಇವುಗಳಲ್ಲಿ ಹುಂಜಗಳೆಷ್ಟು, ಹೇಂಟೆಗಳೆಷ್ಟು ಎಂಬುದೇ ಆಗಿದೆ. ಮಕ್ಕಳು ಕೌತುಕಕ್ಕಾಗಿ ಕೇಳುವರು. ಮನೆಯೊಡತಿಯು ಲೆಕ್ಕಕ್ಕಾಗಿ ಕೇಳುವಳು. ನೆರೆಹೊರೆಯವರು ಒಬ್ಬೊಬ್ಬರು ಒಂದೊಂದು ಪರೀಕ್ಷೆಯನ್ನು ಹೇಳಿಕೊಡುವರು. ಈ ಪರೀಕ್ಷೆಗಳಲ್ಲಿ ನಂಬತಕ್ಕವು ಯಾವುವು, ಬಿಡತಕ್ಕವು ಯಾವುವು ಎಂಬುದನ್ನು ಈ ತಿಂಗಳು ವಿಚಾರಿಸೋಣ.

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು, ಚಳ್ಳಕೆರೆಗಳ ಸೀಮೆಯಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವುಂಟು. ಅದು ಮಳೆ ಕಡಮೆಯಾದ ನಾಡು. ಮಳೆಯನ್ನೇ ನಂಬಿ ಬಿತ್ತಿದ ಶೇಂಗಾ ಬಾರದೆ ಹೋದ ವರ್ಷದಲ್ಲಿ, ಉಪ್ಪು ಎಣ್ಣೆಗಳ ಸಣ್ಣ ಖರ್ಚನ್ನು ನಡೆಯಿಸುವುದು ಅನೇಕ ಮನೆಗಳಲ್ಲಿ ಮೊಟ್ಟೆಯ ಕಾಸೇ. ಆ ಕಾಸು ಬಹುಮಟ್ಟಿಗೆ ಹೆಂಗಸರ ಕೈಯಲ್ಲಿರತಕ್ಕದ್ದು. ಅಲ್ಲಿಯ ಎಲ್ಲ ಮನೆಗಳಿಗೂ ಈ ಮಾತು ಸಲ್ಲದೆಂಬುದನ್ನೂ ಹೇಳಬೇಕು. ಆ ಸೀಮೆಯ ಮ್ಯಾಸಬೇಡರಲ್ಲಿ ಕೋಳಿಯನ್ನು ಸಾಕದಿರುವ, ತಿನ್ನದಿರುವ ಕಟ್ಟಳೆಯು ಹಿಂದಿನಿಂದ ನಡೆದುಬಂದಿದೆ. ಕಾಡುಗೊಲ್ಲರ ಹಟ್ಟಿಗಳಲ್ಲಿಯೂ ಕೋಳಿಗೆ ಪ್ರವೇಶವಿಲ್ಲದ ಪದ್ಧತಿಯುಂಟು. ಇನ್ನುಳಿದ ಮನೆಗಳಲ್ಲಿ ನಾಲ್ಕಾರು ನಾಟಿ ಕೋಳಿಗಳು ಬಾಗಿಲ ಮುಂದೆ ಕೆದಕುತ್ತಿರುವುದೇ ವಾಡಿಕೆ.

ಲೆಕ್ಕವನ್ನು ಸ್ವಲ್ಪ ನೋಡೋಣ. ನಾಟಿ ಹೇಂಟೆಯು ಆರೇಳು ತಿಂಗಳಿಗೆ ಮೊಟ್ಟೆಗೆ ಬರುತ್ತದೆ. ಅನಂತರ ವರ್ಷವೊಂದಕ್ಕೆ ಸುಮಾರು ೬೦-೭೦ ಮೊಟ್ಟೆಗಳನ್ನಿಡುತ್ತದೆ. ಎರಡು ಮೂರು ಬಾರಿ ಕಾವಿಗೆ ಕುಳಿತು ಸಂತಾನವನ್ನೂ ಬೆಳೆಯಿಸುತ್ತದೆ. ಹುಂಜವೆಂದು ಭ್ರಮಿಸಿ ಎರಡನೆಯ ತಿಂಗಳಿನಲ್ಲಿಯೇ ಅದನ್ನು ಸಂತೆಗೆ ಕೊಟ್ಟರೆ ಇಷ್ಟೆಲ್ಲವೂ ಒಮ್ಮೆಗೇ ಕೈಬಿಟ್ಟಂತಾಗುತ್ತದೆ. ಹೇಂಟೆಯೆಂದು ನಂಬಿ ಸಾಕಿದ್ದು ಹುಂಜವಾದರೆ ನಷ್ಟವು ಅಷ್ಟಿಲ್ಲ. ಬೆಳೆದ ನಾಟಿ ಹುಂಜಕ್ಕೆ ಬೆಲೆಯಿದ್ದೇ ಇದೆ. ಆದಕಾರಣ ಈ ವಿಷಯದಲ್ಲಿ ಎರಡು ಬಗೆಯ ತಪ್ಪುಗಳಿದ್ದರೂ ಅವು ಸಮತೂಕದವಲ್ಲ. ಅವಸರಪಟ್ಟು ಹೆಣ್ಣುಮರಿಯನ್ನು ಮಾರುವುದೇ ದೊಡ್ಡ ತಪ್ಪು.

ಮೊದಲು ಊರಿನ ಪರೀಕ್ಷೆಗಳನ್ನು ತೆಗೆದುಕೊಳ್ಳೋಣ. ಮೊಟ್ಟೆಯ ತುದಿ ಚೂಪಾಗಿದ್ದರೆ ಹುಂಜ, ಗುಂಡಾಗಿದ್ದರೆ ಹೇಂಟೆ ಎಂಬುದು ಎಲ್ಲರೂ ಬಲ್ಲ ಮಾತು. ಇದು ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ಗ್ರೀಸಿನ ಅರಿಸ್ಟಾಟಲನು ಪ್ರಾಣಿಗಳ ಚರಿತ್ರೆಯನ್ನು ಬರೆದಾಗ, ನೀಳವಾದ ಚೂಪು ಮೊಟ್ಟೆಯಲ್ಲಿ ಹೆಣ್ಣೆಂದೂ ಗುಂಡು ಮೊಟ್ಟೆಯಲ್ಲಿ ಗಂಡೆಂದೂ ಹೇಳಿದನು. ಕೆಲವು ಶತಮಾನಗಳ ತರುವಾಯ ರೋಮಿನ ಕೃಷಿಗ್ರಂಥಕಾರನಾದ ಕೊಲುಮೆಲ್ಲನು, ಹುಂಜಗಳು ಬೇಕಾದವರು ಚೂಪು ಮೊಟ್ಟೆಗಳನ್ನೂ ಹೇಂಟೆಗಳು ಬೇಕಾದವರು ಗುಂಡು ಮೊಟ್ಟೆಗಳನ್ನೂ ಕಾವಿಗಿಡಬೇಕೆಂದು ಇದಕ್ಕೆ ನೇರವಾಗಿ ವಿರುದ್ಧವಾಗಿ ಬರೆದನು. ಇಬ್ಬರು ಪಂಡಿತರೂ ತಪ್ಪಿದರು. ಮೊಟ್ಟೆಯ ಆಕಾರವನ್ನು ನಿಶ್ಚಯಿಸುವುದು ತಾಯಿಯ ಮೊಟ್ಟೆನಾಳ. ಒಳಗಿನ ಮರಿಯ ಲಿಂಗಕ್ಕೂ ಅದಕ್ಕೂ ಸಂಬಂಧವಿಲ್ಲ. ದಾರಕ್ಕೆ ಸೂಜಿಯನ್ನು ಕಟ್ಟಿ ಮೊಟ್ಟೆಯ ಮೇಲೆ ತೂಗುವುದು, ಮರಿಯ ಕಾಲನ್ನು ಹಿಡಿದು ತಲೆಕೆಳಗು ಮಾಡಿ ಅದು ಒದ್ದಾಡುವುದೋ ಸುಮ್ಮನಿರುವುದೋ ಎಂದು ನೋಡುವುದು, ಇವೂ ಅದೇ ಸಾಲಿಗೆ ಸೇರಿದವು.

ಹಾಗಿದ್ದರೆ ಇಷ್ಟು ಕಾಲ ಇವು ಹೇಗೆ ಉಳಿದವು ಎಂದು ಕೇಳಬಹುದು. ಇದಕ್ಕೆ ಉತ್ತರವು ಸುಲಭ. ಮರಿಗಳಲ್ಲಿ ಗಂಡುಹೆಣ್ಣುಗಳು ಹೆಚ್ಚುಕಡಮೆ ಸಮನಾಗಿ ಹುಟ್ಟುತ್ತವೆ. ಆದುದರಿಂದ ಕಣ್ಣುಮುಚ್ಚಿ ಹೇಳಿದರೂ ಎರಡರಲ್ಲಿ ಒಂದು ಮಾತು ನಿಜವಾಗುತ್ತದೆ. ನಿಜವಾದದ್ದನ್ನು ಜನರು ನೆನೆಯುವರು, ಸುಳ್ಳಾದದ್ದನ್ನು ಮರೆಯುವರು. ಅಲ್ಲದೆ, ಸಮನೆಂದ ಮಾತ್ರಕ್ಕೆ ಪ್ರತಿಯೊಂದು ಕಾವಿನಲ್ಲಿಯೂ ಐದಕ್ಕೈದು ಬರುವುದಿಲ್ಲ. ಹತ್ತು ಮರಿಗಳ ಕಾವುಗಳನ್ನು ಎಣಿಸುತ್ತ ಹೋದರೆ, ಸುಮಾರು ಮೂರಕ್ಕೊಂದರಲ್ಲಿ ಏಳು ಅಥವಾ ಅದಕ್ಕಿಂತ ಹೆಚ್ಚು ಮರಿಗಳು ಒಂದೇ ಲಿಂಗದವಾಗಿರುವುವೆಂದು ಗಣಿತವು ತೋರಿಸುತ್ತದೆ. ಅಂತಹ ಕಾವು ಬಂದಾಗ, ಆ ಮನೆಯಲ್ಲಿ ಆರಿಸಿಟ್ಟ ಮೊಟ್ಟೆಗಳ ಆಕಾರಕ್ಕೆ ಕೀರ್ತಿ ಸಲ್ಲುವುದು ಸಹಜವೇ. ಕಾವಿನ ಬಿಸಿಯನ್ನು ಹೆಚ್ಚುಕಡಮೆ ಮಾಡಿ ಹೇಂಟೆಗಳನ್ನು ಪಡೆಯಬಹುದೆಂಬ ಮಾತನ್ನೂ ನಂಬಬಾರದು. ಮೊಸಳೆಗಳಲ್ಲಿಯೂ ಅನೇಕ ಆಮೆಗಳಲ್ಲಿಯೂ ಬಿಸಿಯು ಲಿಂಗವನ್ನು ನಿಶ್ಚಯಿಸುವುದುಂಟು, ಕೋಳಿಯಲ್ಲಿ ಹಾಗಿಲ್ಲ.

ಕೋಳಿಯಲ್ಲಿ ಅದನ್ನು ನಿಶ್ಚಯಿಸುವವಳು ತಾಯಿ. ಹುಂಜದ ಜೀವಕಣಗಳಲ್ಲಿ ಝಡ್ ಎಂಬ ವರ್ಣತಂತುಗಳೆರಡು ಇರುತ್ತವೆ. ಹೇಂಟೆಯಲ್ಲಿ ಝಡ್ ಒಂದು, ಡಬ್ಲ್ಯು ಎಂಬುದು ಒಂದು. ಹುಂಜವು ಯಾವಾಗಲೂ ಝಡ್ ಅನ್ನೇ ಕೊಡಬಲ್ಲದು. ತಾಯಿಯ ಅಂಡದಲ್ಲಿ ಝಡ್ ಉಳಿದರೆ ಮರಿಯು ಹುಂಜ, ಡಬ್ಲ್ಯು ಉಳಿದರೆ ಹೇಂಟೆ. ಮೊಟ್ಟೆಗೆ ಚಿಪ್ಪು ಕಟ್ಟುವುದಕ್ಕೆ ಮುಂಚೆಯೇ ಈ ತೀರ್ಮಾನವು ಮುಗಿದಿರುತ್ತದೆ. ಮನುಷ್ಯರಲ್ಲಿ ನಡೆಯುವುದು ಇದಕ್ಕೆ ವಿಪರೀತ. ಅಲ್ಲಿ ಶಿಶುವಿನ ಲಿಂಗವು ತಂದೆಯಿಂದ ಬಂದ ಬೀಜಕಣವನ್ನು ಅನುಸರಿಸುತ್ತದೆ, ತಾಯಿಯಿಂದ ಅದು ಬದಲಾಗಲಾರದು. ಹಿತ್ತಿಲಿನಲ್ಲಿ ಹೆಣ್ಣುಮರಿ ಹೆಚ್ಚಲೆಂದು ಹರಸಿಕೊಳ್ಳುವ ಮನೆಯೇ, ಒಳಗೆ ಸೊಸೆಯು ಹೆಣ್ಣುಮಗುವನ್ನು ಹೆತ್ತಳೆಂದು ಮುಖ ಸಣ್ಣದು ಮಾಡುವುದನ್ನು ನಾವು ಕಂಡಿದ್ದೇವೆ. ದೂರುವುದಕ್ಕೇ ಕಾರಣವಿಲ್ಲ, ದೂರಲೇಬೇಕೆಂದರೂ ಸೊಸೆಯ ಪಾಲಿಗೆ ಅದು ಸಲ್ಲದು. ಗರ್ಭಸ್ಥ ಶಿಶುವಿನ ಲಿಂಗವನ್ನು ಪರೀಕ್ಷಿಸಿ ಹೇಳುವುದು ನಮ್ಮ ದೇಶದಲ್ಲಿ ೧೯೯೪ರ ಕಾನೂನಿನಿಂದ ನಿಷಿದ್ಧವಾಗಿದೆಯೆಂಬುದನ್ನೂ ಗೃಹಸ್ಥರು ನೆನಪಿಡತಕ್ಕದ್ದು.

ಇನ್ನು ಬಲ್ಲವರ ಪರೀಕ್ಷೆಗಳಿಗೆ ಬರೋಣ. ಒಂದು ದಿನದ ಮರಿಯ ಲಿಂಗವನ್ನು ನಿಜವಾಗಿ ಹೇಳಬಲ್ಲ ವಿದ್ಯೆಯು ಜಪಾನಿನಲ್ಲಿ ೧೯೨೦ರ ದಶಕದಲ್ಲಿ ಬೆಳೆಯಿತು. ಮಸುಯಿ ಮತ್ತು ಹಾಶಿಮೋಟೋ ಎಂಬ ವಿದ್ವಾಂಸರು ಇದನ್ನು ಕುರಿತು ಬರೆದ ಪುಸ್ತಕವು ೧೯೩೩ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಮರಿಯ ಗುದದ್ವಾರವನ್ನು ಮೃದುವಾಗಿ ಅರಳಿಸಿದರೆ ಒಳಗೆ ಗುಂಡುಸೂಜಿಯ ತಲೆಯಷ್ಟಿರುವ ಗುಬುಟೊಂದು ಗಂಡುಮರಿಗಳಲ್ಲಿ ಕಾಣುತ್ತದೆ. ಆದರೆ ಕೆಲವು ಹೆಣ್ಣುಮರಿಗಳಲ್ಲಿಯೂ ಅಂಥದೇ ಗುರುತು ಕಂಡು ಮೋಸಗೊಳಿಸುತ್ತದೆ. ಇವೆರಡರ ಭೇದವನ್ನು ತಿಳಿಯಲು ಸಾವಿರಾರು ಮರಿಗಳ ಮೇಲೆ ಕೈಪಳಗಬೇಕು. ಪಳಗಿದವರು ಗಂಟೆಗೆ ಸಾವಿರದಷ್ಟು ಮರಿಗಳನ್ನು ನೋಡಿ, ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚಾಗಿ ಸರಿಯಾಗಿ ಹೇಳುವರು. ಪಳಗದವರು ಇದಕ್ಕೆ ಕೈಹಾಕಿದರೆ ಮರಿಯ ಕರುಳಿಗೆ ಪೆಟ್ಟು ಬಿದ್ದು ಅದು ಸಾಯುವುದುಂಟು. ಮನೆಯಲ್ಲಿ ಇದನ್ನು ಯಾರೂ ಮಾಡಕೂಡದು.

ಎರಡನೆಯದು ಬಣ್ಣದ ಉಪಾಯ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಆಹಾರದ ಅಭಾವವಾದಾಗ, ಬೇಡದ ಹುಂಜಗಳಿಗೆ ಕಾಳನ್ನು ವ್ಯಯಮಾಡಬಾರದೆಂದು ಕೇಂಬ್ರಿಜಿನ ಪುನ್ನೆಟ್ ಎಂಬ ವಿದ್ವಾಂಸರು ಇದನ್ನು ಸೂಚಿಸಿದರು. ಕೆಲವು ಬಣ್ಣಗಳ ಗುಣವು ಝಡ್ ತಂತುವಿನ ಮೇಲೆಯೇ ಇರುವುದರಿಂದ, ತಕ್ಕ ಜಾತಿಗಳನ್ನು ಕೂಡಿಸಿದರೆ ಗಂಡುಮರಿಗಳು ಒಂದು ಬಣ್ಣದವಾಗಿಯೂ ಹೆಣ್ಣುಮರಿಗಳು ಇನ್ನೊಂದು ಬಣ್ಣದವಾಗಿಯೂ ಹುಟ್ಟುತ್ತವೆ. ರೋಡ್ ಐಲೆಂಡ್ ರೆಡ್ ಹುಂಜವನ್ನು ಪಟ್ಟೆಗರಿಯ ಪ್ಲಿಮತ್ ರಾಕ್ ಹೇಂಟೆಯೊಡನೆ ಕೂಡಿಸಿದಾಗ ಎಲ್ಲ ಮರಿಗಳೂ ಕಪ್ಪಾಗಿ ಹುಟ್ಟಿದರೂ, ಗಂಡುಮರಿಯ ನೆತ್ತಿಯ ಮೇಲೆ ಬಿಳಿಯ ಬೊಟ್ಟು ಇರುತ್ತದೆ. ರೆಕ್ಕೆಯ ಗರಿಗಳ ಉದ್ದವನ್ನು ನೋಡಿ ಹೇಳುವ ಮೂರನೆಯ ಉಪಾಯವೂ ಇದೇ ತತ್ತ್ವದ್ದು. ಬೇಗ ಗರಿ ಬರುವ ಕುಲದ ಹುಂಜವನ್ನು ನಿಧಾನವಾಗಿ ಗರಿ ಬರುವ ಕುಲದ ಹೇಂಟೆಗೆ ಕೂಡಿಸಿದಾಗ ಮಾತ್ರ ಅದು ಫಲಿಸುತ್ತದೆ.

ಈ ಎರಡು ಉಪಾಯಗಳಿಗೂ ತಂದೆತಾಯಿಗಳ ಕುಲವು ತಿಳಿದಿರಬೇಕು. ನಮ್ಮ ಹಿತ್ತಿಲಿನ ನಾಟಿ ಕೋಳಿಗೆ ಅಂತಹ ವಂಶಾವಳಿಯಿಲ್ಲ. ಕೆಂಪು, ಕಪ್ಪು, ಬೂದು, ಚುಕ್ಕೆ, ಬರಿಗುತ್ತಿಗೆ ಎಲ್ಲವೂ ತಲೆಮಾರುಗಳಿಂದ ಬೆರೆತುಹೋಗಿವೆ. ಆದುದರಿಂದ ನಾಟಿ ಮರಿಯ ರೆಕ್ಕೆಯನ್ನು ಬಿಡಿಸಿ ಹಿಡಿದು, ಗರಿ ಉದ್ದವಿದೆ, ಇದು ಹೇಂಟೆ ಎಂದು ಹೇಳುವವನು ಊಹೆಯನ್ನೇ ಹೇಳುತ್ತಿರುವನು. ಬೆಂಗಳೂರಿನ ಹೆಬ್ಬಾಳದಲ್ಲಿ ಸಿದ್ಧವಾದ ಗಿರಿರಾಜದ ಮರಿಗಳೂ ಸಾಮಾನ್ಯವಾಗಿ ಗಂಡುಹೆಣ್ಣು ಬೆರೆತೇ ಮನೆಗೆ ಬರುತ್ತವೆ. ಕೊಳ್ಳುವವರು ಅರ್ಧಕ್ಕರ್ಧ ಹುಂಜಗಳೆಂದೇ ಎಣಿಸಿ ಹಣವನ್ನು ಕೊಡುವುದು ಲೇಸು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಸಂತೆ ಜಾತ್ರೆಗಳಲ್ಲಿಯೂ ಊರೂರಿನ ಬೀದಿಗಳಲ್ಲಿಯೂ ಗುಲಾಬಿ, ಹಸುರು, ನೀಲಿಯ ಬಣ್ಣ ಬಳಿದ ಮರಿಗಳನ್ನು ಬುಟ್ಟಿಗಳಲ್ಲಿ ತುಂಬಿಕೊಂಡು ಅಗ್ಗದ ಬೆಲೆಗೆ ಮಾರುವವರುಂಟು. ಎಲ್ಲವೂ ಹೇಂಟೆಗಳೇ, ಆರು ತಿಂಗಳಿಗೆ ಮೊಟ್ಟೆಗೆ ಬರುತ್ತವೆ ಎಂದು ಅವರು ಹೇಳಿದರೆ ನಂಬತಕ್ಕದ್ದಲ್ಲ. ಮೊಟ್ಟೆಯ ವ್ಯಾಪಾರದ ದೊಡ್ಡ ಮರಿಕೇಂದ್ರಗಳಲ್ಲಿ ಹುಟ್ಟಿದ ದಿನವೇ ಮರಿಗಳನ್ನು ಬೇರ್ಪಡಿಸಿ, ಹೆಣ್ಣುಗಳನ್ನು ಮೊಟ್ಟೆಕೋಳಿ ಸಾಕುವವರಿಗೆ ಕಳುಹಿಸುತ್ತಾರೆ. ಆ ಜಾತಿಯ ಗಂಡುಗಳು ಮೊಟ್ಟೆಯನ್ನಿಡವು, ಮಾಂಸವನ್ನೂ ಬೇಗ ಕಟ್ಟವು. ಹೀಗೆ ಉಳಿದ ಗಂಡುಮರಿಗಳೇ ಬಹುಮಟ್ಟಿಗೆ ಬಣ್ಣ ಬಳಿಸಿಕೊಂಡು ಬುಟ್ಟಿಗೆ ಬರುವುದು. ಆ ಮರಿಗಳ ಪರೀಕ್ಷೆಯು ಮುಗಿದು, ಕೊಳ್ಳುವವರಿಗೆ ಬೇಡದ ಪಾಲೇ ಬುಟ್ಟಿಯಲ್ಲಿದೆಯೆಂದು ತಿಳಿಯಬೇಕು. ತಾಯಿಯ ಬಿಸಿಯಿಲ್ಲದೆ ಬಿಸಿಲಿನಲ್ಲಿ ಅಲೆದ ಆ ಮರಿಗಳಲ್ಲಿ ಅನೇಕವು ಕೆಲವೇ ದಿನಗಳಲ್ಲಿ ಸಾಯುವುದರಿಂದ, ಮಕ್ಕಳಿಗೆ ಆಟಿಕೆಯಾಗಿ ಕೊಡಿಸುವುದೂ ಸರಿಯಲ್ಲ.

ಹಾಗಾದರೆ ಮನೆಯವರು ಮಾಡತಕ್ಕದ್ದೇನು? ಕಾಯುವುದು. ಕಾಯುತ್ತ ವಾರವಾರಕ್ಕೂ ನೋಡುವುದು. ಹೇಗೆ ನೋಡಬೇಕೆಂಬುದನ್ನು ಕ್ರಮವಾಗಿ ಹೇಳುತ್ತೇವೆ.

ಮೊದಲನೆಯ ಮೂರು ವಾರಗಳಲ್ಲಿ ನಿಶ್ಚಯವಾಗಿ ಹೇಳುವಂಥದು ಏನೂ ಇಲ್ಲ. ಹೆಣ್ಣುಮರಿಗಳಿಗೆ ಭುಜದ ಮೇಲೆಯೂ ಬಾಲದಲ್ಲಿಯೂ ಗರಿಗಳು ಕೊಂಚ ಬೇಗ ಮೂಡುವುದುಂಟು. ಇದನ್ನು ಮನಸ್ಸಿನಲ್ಲಿ ಗುರುತಿಟ್ಟುಕೊಳ್ಳಬಹುದೇ ಹೊರತು ತೀರ್ಪು ಕೊಡಬಾರದು.

ನಾಲ್ಕರಿಂದ ಆರು ವಾರಗಳಲ್ಲಿ ತಲೆಯ ಜುಟ್ಟನ್ನು ನೋಡಬೇಕು. ಗಂಡುಮರಿಯ ಜುಟ್ಟು ಅಗಲವಾಗಿ ದಪ್ಪನಾಗುತ್ತ ಕೆಂಪೇರತೊಡಗುತ್ತದೆ. ಗಲ್ಲದ ಕೆಳಗೆ ಜೋಲುವ ತೊಗಲೂ ಕಾಣತೊಡಗುತ್ತದೆ. ಹೆಣ್ಣುಮರಿಯ ಜುಟ್ಟು ಸಣ್ಣದಾಗಿ, ಹಳದಿ ಅಥವಾ ನಸುಗೆಂಪಾಗಿಯೇ ಉಳಿಯುತ್ತದೆ. ಈ ಗುರುತಿಗೆ ಗಟ್ಟಿಯಾದ ಆಧಾರವುಂಟು. ಜರ್ಮನಿಯ ಗಟಿಂಗೆನ್ ನಗರದಲ್ಲಿ ಬೆರ್ಟೋಲ್ಡ್ ಎಂಬ ವೈದ್ಯವಿದ್ವಾಂಸರು ೧೮೪೯ರಲ್ಲಿ ಎಳೆಯ ಹುಂಜಗಳ ಬೀಜವನ್ನು ತೆಗೆದು ನೋಡಿದಾಗ ಅವುಗಳ ಜುಟ್ಟು ಬೆಳೆಯದೆ ಉಳಿಯಿತು. ಬೀಜವನ್ನು ಮತ್ತೆ ಹೊಟ್ಟೆಯೊಳಗೆ ನಾಟಿದಾಗ ಜುಟ್ಟು ಬೆಳೆಯಿತು, ಹುಂಜವು ಕೂಗಿತು. ಬೀಜದಿಂದ ರಕ್ತಕ್ಕೆ ಸೇರುವ ರಸವೇ ಜುಟ್ಟನ್ನು ಬೆಳೆಯಿಸುತ್ತದೆಂದು ಇದರಿಂದ ತಿಳಿಯಿತು.

ಎಂಟನೆಯ ವಾರದ ವೇಳೆಗೆ ಜುಟ್ಟಿನ ಭೇದವು ಸ್ಪಷ್ಟವಾಗುವುದಲ್ಲದೆ, ಗಂಡುಮರಿಯ ಕಾಲುಗಳು ದಪ್ಪನಾಗಿಯೂ ನಿಲುವು ನೆಟ್ಟಗಾಗಿಯೂ ತೋರುತ್ತವೆ. ಹೆಚ್ಚಿನ ಮರಿಗಳ ವಿಷಯದಲ್ಲಿ ಇಲ್ಲಿಗೆ ಸಂಶಯವು ತೀರುತ್ತದೆ.

ಹತ್ತರಿಂದ ಹನ್ನೆರಡು ವಾರಗಳಲ್ಲಿ ಅತ್ಯಂತ ನಂಬತಕ್ಕ ಗುರುತು ಬರುತ್ತದೆ. ಬೆನ್ನು ಮತ್ತು ಬಾಲ ಕೂಡುವೆಡೆಯ ಗರಿಗಳನ್ನು ಬೆರಳಿನಿಂದ ಬಿಡಿಸಿ ನೋಡಿರಿ. ಹುಂಜದಲ್ಲಿ ಅವು ನೀಳವಾಗಿ, ತುದಿ ಚೂಪಾಗಿ, ಹೊಳಪಾಗಿರುತ್ತವೆ. ಹೇಂಟೆಯಲ್ಲಿ ತುದಿಯು ದುಂಡಗಿರುತ್ತದೆ. ಕುತ್ತಿಗೆಯ ಗರಿಗಳಲ್ಲಿಯೂ ಇದೇ ಭೇದವನ್ನು ಕಾಣಬಹುದು. ಮೊಟ್ಟೆಯ ಚೂಪನ್ನು ನಂಬಬಾರದು, ಗರಿಯ ಚೂಪನ್ನು ನಂಬಬಹುದು ಎಂದು ನೆನಪಿಟ್ಟುಕೊಂಡರೆ ಸಾಕು.

ಮೋಸಗೊಳಿಸುವ ಗುರುತುಗಳನ್ನೂ ಹೇಳಬೇಕು. ಮರಿಗಳು ಎದೆಗೆ ಎದೆ ಕೊಟ್ಟು ಜಗಳವಾಡುವುದನ್ನು ಕಂಡು ಎರಡೂ ಹುಂಜಗಳೆನ್ನುವರು. ಹೆಣ್ಣುಮರಿಗಳೂ ಹಾಗೆ ಆಡುತ್ತವೆ. ಜಗಳದ ಕೋಳಿಯ ರಕ್ತ ಬೆರೆತ ಕುಲಗಳಲ್ಲಿ ಹೇಂಟೆಯೂ ಎತ್ತರವಾಗಿ ನೆಟ್ಟಗೆ ನಿಲ್ಲುತ್ತದೆ. ಅವುಗಳ ಜುಟ್ಟು ಹುಟ್ಟಿನಿಂದಲೇ ಗಿಡ್ಡವಾದುದರಿಂದ ಹುಂಜಗಳಲ್ಲಿಯೂ ತಡವಾಗಿ ತೋರುತ್ತದೆ. ಅಂಥವುಗಳಿಗೆ ಗರಿಯ ಪರೀಕ್ಷೆಯೇ ಗತಿ. ಕಪ್ಪು ಚರ್ಮದ ಕೋಳಿಗಳಲ್ಲಿ ಜುಟ್ಟಿನ ಕೆಂಪನ್ನು ಕಾಯುತ್ತ ಕೂರಬಾರದು. ಅದರ ಗಾತ್ರವನ್ನೇ ನೋಡಬೇಕು. ಕಾಲಮುಳ್ಳು ಮುದಿ ಹೇಂಟೆಗೂ ಬರುವುದುಂಟು. ಕೂಗು ಸಾಮಾನ್ಯವಾಗಿ ಹುಂಜದ್ದೇ. ಆದರೂ ಹೇಂಟೆಯು ಕೂಗಿದರೆ ಮನೆಗೆ ಕೇಡೆಂದು ಹೆದರಬೇಕಾಗಿಲ್ಲ. ಹೇಂಟೆಗೆ ಕೆಲಸ ಮಾಡುವ ಅಂಡಾಶಯವು ಎಡಗಡೆಯ ಒಂದೇ. ಅದು ರೋಗದಿಂದ ಕೆಟ್ಟರೆ ಜುಟ್ಟು ಬೆಳೆದು, ಹುಂಜದಂತಹ ಗರಿ ಬಂದು, ಅದು ಕೂಗುವುದೂ ಉಂಟು. ಅದು ಆ ಕೋಳಿಯ ಕಾಯಿಲೆ, ಮನೆಯ ಅಪಶಕುನವಲ್ಲ.

ನೋಡುವಾಗ ಒಂದೇ ಕಾವಿನ ಮರಿಗಳನ್ನು ಒಂದಕ್ಕೊಂದು ಹೋಲಿಸಿ ನೋಡಬೇಕು. ಬೇರೆ ಬೇರೆ ವಯಸ್ಸಿನವನ್ನು ಬೆರೆಸಿದರೆ, ಹಿರಿಯ ಹೇಂಟೆಯು ಕಿರಿಯ ಹುಂಜಕ್ಕಿಂತ ಕೆಂಪಾದ ಜುಟ್ಟುಳ್ಳದ್ದಾಗಿ ಕಾಣುವುದು. ಸಂಶಯವಿದ್ದವುಗಳ ಕಾಲಿಗೆ ಹಳೆಯ ಹತ್ತಿಬಟ್ಟೆಯ ಸಣ್ಣ ಪಟ್ಟಿಯನ್ನು ಸಡಿಲವಾಗಿ ಕಟ್ಟಬಹುದು. ರೇಷ್ಮೆಯ ದಾರವೋ ನೈಲಾನ್ ದಾರವೋ ಕಾಲನ್ನು ಕೊಯ್ಯುವುದರಿಂದ ಅವು ಬೇಡ. ಮರಿಯು ಬೆಳೆದಂತೆ ಪಟ್ಟಿಯನ್ನು ವಾರಕ್ಕೊಮ್ಮೆ ಬಿಚ್ಚಿ ಕಟ್ಟಬೇಕು. ಪಟ್ಟಿಯಿದ್ದ ಮರಿಯನ್ನು ಗರಿಯ ಪರೀಕ್ಷೆ ಮುಗಿಯುವ ತನಕ ಯಾರಿಗೂ ಮಾರಕೂಡದು.

ಎಂಟು ವಾರ ಕಾಯಬೇಕೆಂದರೆ ಎಂಟು ವಾರ ಮರಿಯು ಬದುಕಿರಬೇಕಷ್ಟೆ. ಹದ್ದು, ಮುಂಗುಸಿ, ಬೆಕ್ಕುಗಳಿಗೆ ಸಿಕ್ಕಿದ ಮರಿಯ ಲಿಂಗವನ್ನು ತಿಳಿದು ಏನು ಫಲ? ಮೊದಲ ಕೆಲವು ವಾರ ತಾಯಿಯೊಡನೆ ಮರಿಗಳನ್ನು ಹಗಲು ಮಂಕರಿಯ ಕೆಳಗಾಗಲಿ ಬೇಲಿಯೊಳಗಾಗಲಿ ಇಡುವುದೂ, ರಾತ್ರಿ ಭದ್ರವಾದ ಗೂಡಿನಲ್ಲಿ ಮುಚ್ಚುವುದೂ ಅವಶ್ಯಕ. ಊರಿಗೂರೇ ಕೋಳಿಗಳನ್ನು ಬರಿದುಮಾಡುವ ರಾಣಿಕೇತ ರೋಗಕ್ಕೆ ಐದರಿಂದ ಏಳನೆಯ ದಿನದೊಳಗೆ ಕಣ್ಣಿಗೋ ಮೂಗಿಗೋ ಹಾಕುವ ಲಸಿಕೆಯ ಹನಿಯಿದೆ; ಆರರಿಂದ ಎಂಟು ವಾರಗಳಲ್ಲಿ ಚುಚ್ಚುವ ಲಸಿಕೆಯೂ ಇದೆ. ಒಂದು ಸೀಸೆಯ ಲಸಿಕೆಯು ನೂರಾರು ಮರಿಗಳಿಗೆ ಸಾಲುವುದರಿಂದಲೂ, ಕಲಸಿದ ಮೇಲೆ ಇಟ್ಟುಕೊಳ್ಳಲು ಬಾರದುದರಿಂದಲೂ, ಹತ್ತಾರು ಮನೆಯವರು ಒಂದಾಗಿ ಒಂದೇ ದಿನ ಪಶುವೈದ್ಯರನ್ನು ಕಾಣುವುದು ಉತ್ತಮ.

ಶೇಂಗಾದ ಸೀಮೆಯವರು ಇನ್ನೊಂದನ್ನು ನೆನಪಿಡಬೇಕು. ಬೂಷ್ಟು ಹಿಡಿದ ಶೇಂಗಾವನ್ನಾಗಲಿ ಹಿಂಡಿಯನ್ನಾಗಲಿ ಮರಿಗಳಿಗೆ ಹಾಕಬಾರದು. ಇಂಗ್ಲೆಂಡಿನಲ್ಲಿ ೧೯೬೦ರಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಟರ್ಕಿ ಕೋಳಿಯ ಮರಿಗಳು ಸತ್ತಾಗ, ಕಾರಣವು ಅಂತಹ ಹಿಂಡಿಯಲ್ಲಿದ್ದ ಬೂಷ್ಟಿನ ವಿಷವೆಂದು ಗೊತ್ತಾಯಿತು.

ಗುರುತು ತಿಳಿದ ಮೇಲೆ ಹುಂಜಗಳನ್ನೇನು ಮಾಡಬೇಕು? ಎಂಟು ಹತ್ತು ಹೇಂಟೆಗಳಿಗೆ ಒಂದು ಹುಂಜವು ಸಾಕು. ಮೊಟ್ಟೆಯು ತಿನ್ನುವುದಕ್ಕೆ ಮಾತ್ರವಾದರೆ ಹುಂಜವೇ ಇಲ್ಲದಿದ್ದರೂ ಹೇಂಟೆಯು ಮೊಟ್ಟೆಯನ್ನಿಡುತ್ತದೆ. ಮರಿ ಬೇಕಾದರೆ ಮಾತ್ರ ಹುಂಜವು ಬೇಕು. ತಳಿಗೆ ಇಡುವ ಹುಂಜವನ್ನು ಬೇರೆ ಮನೆಯಿಂದ ಬದಲಿಗೆ ಪಡೆದರೆ ಅಣ್ಣತಂಗಿಯರ ಕೂಡಿಕೆಯು ತಪ್ಪುತ್ತದೆ. ಉಳಿದವನ್ನು ಮೂರು ನಾಲ್ಕು ತಿಂಗಳು ಬೆಳೆಯಿಸಿ ಮಾರುವುದೇ ಲಾಭ. ಮೊಟ್ಟೆಯ ದೊಡ್ಡ ವ್ಯಾಪಾರದಲ್ಲಿ ಗಂಡುಮರಿಗೆ ಈ ಭಾಗ್ಯವೂ ಇಲ್ಲ. ಅನೇಕ ದೇಶಗಳಲ್ಲಿ ಹುಟ್ಟಿದ ದಿನವೇ ಕೋಟಿಗಟ್ಟಲೆ ಗಂಡುಮರಿಗಳನ್ನು ಕೊಲ್ಲುತ್ತಾರೆ. ಜರ್ಮನಿಯು ೨೦೨೨ರ ಆರಂಭದಿಂದ ಇದನ್ನು ಕಾನೂನಿನಿಂದ ನಿಲ್ಲಿಸಿತು. ಅಲ್ಲಿ ಮೊಟ್ಟೆಯು ಒಡೆಯುವ ಮುನ್ನವೇ ಲಿಂಗವನ್ನು ತಿಳಿಯುವ ಯಂತ್ರಗಳು ಬಳಕೆಗೆ ಬಂದಿವೆ.

ಮೊಳಕಾಲ್ಮೂರು ತಾಲ್ಲೂಕಿನವರಿಗೆ ಈ ದಯೆಯ ಮಾತು ಹೊಸದಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲಿನ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಕಂಡುಹಿಡಿದರು. ತಂದೆತಾಯಿಗಳ ಸೇವೆ, ಸತ್ಯಗಳೊಡನೆ ಪ್ರಾಣಿಗಳಲ್ಲಿ ದಯೆಯನ್ನೂ ಅವು ವಿಧಿಸುತ್ತವೆ. ಅದೇ ಅರಸನು ಉತ್ತರದೇಶದ ಕಂಬಗಳ ಮೇಲೆ ಬರೆಯಿಸಿದ ಐದನೆಯ ಶಾಸನದಲ್ಲಿ, ಹುಂಜಗಳ ಬೀಜವನ್ನು ತೆಗೆಯಬಾರದೆಂಬ ಕಟ್ಟಳೆಯೂ ಸೇರಿದೆ.

ಕೊನೆಗೆ ಗೃಹಿಣಿಯರು ನೆನಪಿಡತಕ್ಕದ್ದಿಷ್ಟು: ಮೊಟ್ಟೆಯನ್ನು ನೋಡಿ ಹೇಳುವವರನ್ನು ನಂಬಬೇಡಿರಿ, ಬಣ್ಣದ ಮರಿಗಳನ್ನು ಕೊಳ್ಳಬೇಡಿರಿ, ಆರು ವಾರಕ್ಕೆ ಜುಟ್ಟನ್ನೂ ಹನ್ನೆರಡು ವಾರಕ್ಕೆ ಗರಿಯನ್ನೂ ನೋಡಿರಿ, ಸಂಶಯವಿದ್ದ ಮರಿಯನ್ನು ಹೇಂಟೆಯೆಂದೇ ಭಾವಿಸಿ ಮನೆಯಲ್ಲಿ ಉಳಿಸಿಕೊಳ್ಳಿರಿ. ಹಾಗೆ ಉಳಿದ ಒಂದು ಹೇಂಟೆಯು ಮುಂದಿನ ವರ್ಷದ ಉಪ್ಪೆಣ್ಣೆಗೆ ಆದೀತು.